ಪ್ಲಾಸ್ಮಿಡ್ ಒಂದರ ಆಕರವಿಚಾರ

ಚರಿತ್ರೆಗೆ ಆಕರವಾಗತಕ್ಕ ವಸ್ತುಗಳೆಂದರೆ ಶಾಸನ, ನಾಣ್ಯ, ಕಡತ, ಕೈಫಿಯತ್ತು, ಪ್ರವಾಸಿಗಳ ಬರೆಹ ಇವೇ ಮೊದಲಾದುವು ಎಂದು ನಾವು ರೂಢಿಯಿಂದ ಎಣಿಸುತ್ತ ಬಂದಿದ್ದೇವೆ. ಬರಿಗಣ್ಣಿಗೆ ಕಾಣದ, ಉಂಗುರದಾಕಾರದ ಡಿ.ಎನ್.ಎ. ತುಣುಕೊಂದನ್ನೂ ಅದೇ ಸಾಲಿನಲ್ಲಿರಿಸಿ ಓದಲು ಸಾಧ್ಯವೆಂಬುದು ಈ ಲೇಖನದ ಪ್ರತಿಜ್ಞೆ. ನಾವು ಚರಿತ್ರೆಯ ವಿದ್ಯಾರ್ಥಿಗಳೇ ಹೊರತು ಪ್ರಯೋಗಶಾಲೆಯವರಲ್ಲ. ಆದರೂ ತಾಮ್ರಶಾಸನವೊಂದು ಕೈಗೆ ಬಂದಾಗ ಅದರ ಮಂಗಳಶ್ಲೋಕ ಎಲ್ಲಿಂದ ಬಂದುದು, ಪ್ರಶಸ್ತಿಯ ಮಾತುಗಳು ಯಾವ ಹಿಂದಿನ ಮನೆತನದ ಶಾಸನಗಳ ಪಡಿಯಚ್ಚು, ದತ್ತಿಯ ಭಾಗವೊಂದೇ ಹೊಸದೋ ಎಂದು ವಿಚಾರಿಸುವುದು ನಮಗೆ ಅಭ್ಯಾಸವಾಗಿದೆ. ಆ ಅಭ್ಯಾಸವನ್ನೇ ಇಲ್ಲಿ ಬೇರೊಂದು ವಸ್ತುವಿನ ಮೇಲೆ ಪ್ರಯೋಗಿಸಿದ್ದೇವೆ.

ವಸ್ತುವಿನ ಪರಿಚಯ ಮೊದಲು ಆಗಬೇಕು. ಬ್ಯಾಕ್ಟೀರಿಯಗಳಲ್ಲಿ ಅವುಗಳ ಮುಖ್ಯ ಡಿ.ಎನ್.ಎ.ಯಲ್ಲದೆ, ಅದರಿಂದ ಬೇರೆಯಾಗಿ ತಾನೇ ತಾನಾಗಿ ಪ್ರತಿಗೊಳ್ಳುವ ಸಣ್ಣ ಉಂಗುರಗಳು ಇರುವುದುಂಟು. ಇವಕ್ಕೆ ಪ್ಲಾಸ್ಮಿಡ್ ಎಂಬ ಹೆಸರನ್ನು 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಇಟ್ಟನು. ಇಂಥ ಉಂಗುರವೊಂದರಲ್ಲಿ ಮನುಷ್ಯನ ಜೀನೊಂದನ್ನು ಸೇರಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಯುವ ಸಸ್ತನಿ ಜೀವಕೋಶಗಳೊಳಕ್ಕೆ ಹೊಗಿಸಿದರೆ ಆ ಕೋಶಗಳು ಜೀನಿನ ಆಜ್ಞೆಯಂತೆ ಮಾನವ ಪ್ರೋಟೀನನ್ನು ತಯಾರಿಸುತ್ತವೆ. ಆದರೆ ಒಂದು ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿರುತ್ತವೆ. ನಾವು ಮಾಡಿಸಿದುದು ಇವುಗಳಲ್ಲಿ ಯಾವುದು ಎಂದು ತಿಳಿಯುವ ಬಗೆ ಹೇಗೆ? ಅದಕ್ಕಾಗಿ ಪ್ರೋಟೀನಿನ ತುದಿಯಲ್ಲಿ ಒಂದು ಗುರುತನ್ನು ಕಟ್ಟುತ್ತಾರೆ. ಇದಕ್ಕೆ ಟ್ಯಾಗ್ ಎಂದು ಹೆಸರು. ಕಚೇರಿಯ ಜವಾನನ ಎದೆಯ ಮೇಲಿನ ಬಿಲ್ಲೆಯಂತೆ. ಬಿಲ್ಲೆಯನ್ನು ಬಲ್ಲ ಪ್ರತಿಕಾಯವೊಂದಿದ್ದರೆ ಸಾಕು, ಹೊತ್ತವನು ಎಲ್ಲಿದ್ದರೂ ಸಿಕ್ಕಿಬೀಳುತ್ತಾನೆ.

ನಾವು ಆಯ್ದುಕೊಂಡಿರುವ ಉಂಗುರವು ಎ.ಸಿ.ಇ.2 ಎಂಬ ಮಾನವ ಪ್ರೋಟೀನನ್ನು ಮಾಡಿಸತಕ್ಕದ್ದು. 2000ನೆಯ ಇಸವಿಯಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದ ಈ ಕಿಣ್ವದಲ್ಲಿ 805 ಅಮೈನೋ ಆಮ್ಲಗಳಿವೆ. ರಕ್ತದೊತ್ತಡದ ವ್ಯವಸ್ಥೆಗೆ ಸಂಬಂಧಪಟ್ಟ ಈ ಪ್ರೋಟೀನು ಮುಂದೆ ಲೋಕವಿಖ್ಯಾತವಾದುದು ಬೇರೆ ಕಾರಣದಿಂದ. ಅದನ್ನು ಆಮೇಲೆ ಹೇಳುತ್ತೇವೆ. ಜೀನನ್ನು ಹೊತ್ತಿರುವ ಮೂಲ ಉಂಗುರದ ಹೆಸರು ಪಿಸಿಡಿಎನ್ಎ 3.1, ಅದರ ಉದ್ದ 5,428 ಅಕ್ಷರಜೋಡಿಗಳು. ಪ್ರೋಟೀನಿನ ಕೊನೆಯಲ್ಲಿ ಸಿ9 ಎಂಬ, ಒಂಬತ್ತು ಅಮೈನೋ ಆಮ್ಲಗಳ ಬಿಲ್ಲೆಯುಂಟು.

ಈ ವಿದ್ಯೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1973ರಿಂದ ತೊಡಗುತ್ತಾರೆ. 1972ರ ನವೆಂಬರಿನಲ್ಲಿ ಹವಾಯಿಯಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಸ್ಟಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್, ಸಾನ್‌ಫ್ರಾನ್ಸಿಸ್ಕೋದ ಹರ್ಬರ್ಟ್ ಬೋಯರ್ ಇವರು ಭೇಟಿಯಾದರು. ಕೋಹೆನನ ಬಳಿ ಪ್ಲಾಸ್ಮಿಡ್ಡುಗಳಿದ್ದುವು, ಬೋಯರನ ಬಳಿ ಡಿ.ಎನ್.ಎ.ಯನ್ನು ಗೊತ್ತಾದ ಸ್ಥಳದಲ್ಲಿ ಕತ್ತರಿಸುವ ಕಿಣ್ವವಿತ್ತು. ಮರುವರ್ಷವೇ ಎರಡು ಪ್ಲಾಸ್ಮಿಡ್ಡುಗಳ ತುಂಡುಗಳನ್ನು ಬೆಸೆದು ಬ್ಯಾಕ್ಟೀರಿಯದಲ್ಲಿ ಬೆಳೆಸಿದರು. 1974ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. 1980ರ ಡಿಸೆಂಬರಿನಲ್ಲಿ ಅದು ದೊರೆಯಿತು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ ಎರಡು ವಿಶ್ವವಿದ್ಯಾನಿಲಯಗಳಿಗೆ ಬಂದ ಗೌರವಧನ ಇಪ್ಪತ್ತೈದು ಕೋಟಿ ಡಾಲರುಗಳನ್ನು ಮೀರಿತ್ತು. ಇದು ಸುಳ್ಳಲ್ಲ. ಆದರೆ ಇದು ಕತ್ತರಿ ಮತ್ತು ಅಂಟಿನ ಚರಿತ್ರೆ. ಕತ್ತರಿಸಿ ಅಂಟಿಸಿದ ವಸ್ತುಗಳು ಎಲ್ಲಿಂದ, ಯಾರಿಂದ ಬಂದುವು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಕಂಡರಿಸಿದವನ ಹೆಸರನ್ನು ಹೇಳಿ ಭೂಮಿಯ ಎಲ್ಲೆಗಳನ್ನು ಬಿಟ್ಟುಬಿಟ್ಟ ಶಾಸನದಂತಿದೆ, ಅಷ್ಟೆ.

ಉಂಗುರದ ಬ್ಯಾಕ್ಟೀರಿಯ ಸಂಬಂಧವಾದ ಭಾಗದಿಂದ ಆರಂಭಿಸೋಣ. ಪ್ಲಾಸ್ಮಿಡ್ಡನ್ನು ಹೊತ್ತ ಬ್ಯಾಕ್ಟೀರಿಯಗಳನ್ನು ಹೊರದವುಗಳಿಂದ ಬೇರ್ಪಡಿಸಲು, ಆಂಪಿಸಿಲಿನ್ ಎಂಬ ಔಷಧವನ್ನು ನಿಷ್ಫಲಗೊಳಿಸುವ ಜೀನೊಂದನ್ನು ಅದರಲ್ಲಿ ಇರಿಸಿರುತ್ತಾರೆ. ಔಷಧ ಬೆರೆಸಿದ ತಟ್ಟೆಯ ಮೇಲೆ ಉಂಗುರವುಳ್ಳವು ಮಾತ್ರ ಬದುಕುತ್ತವೆ, ಉಳಿದವು ಸಾಯುತ್ತವೆ. ದತ್ತಿಯನ್ನು ಪಾಲಿಸಿದವನಿಗೆ ಪುಣ್ಯ, ಅಳಿದವನಿಗೆ ನರಕ ಎಂಬ ಶಾಪಾಶಯವು ಇಲ್ಲಿ ಅಕ್ಷರಶಃ ನಡೆಯುತ್ತದೆ ಎನ್ನಬಹುದು. ಈ ಜೀನು ಯಾರ ಸೃಷ್ಟಿಯೂ ಅಲ್ಲ. ಅದು ರೋಗಿಗಳ ದೇಹದಿಂದ ಬಂದುದು. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯನ್ನುಂಟುಮಾಡುವ ಬ್ಯಾಕ್ಟೀರಿಯಗಳು ಒಂದೇ ಸಲಕ್ಕೆ ಮೂರು ನಾಲ್ಕು ಔಷಧಗಳಿಗೆ ಬಗ್ಗದಾದುವು. ಈ ಗುಣವು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಅಂಟುಜಾಡ್ಯದಂತೆ ದಾಟುತ್ತದೆಂಬುದನ್ನು 1959ರಲ್ಲಿ ಓಚಿಯಾಯಿ, ಅಕಿಬಾ ಮೊದಲಾದವರು ತೋರಿಸಿದರು. ದಾಟುತ್ತಿದ್ದುದು ಪ್ಲಾಸ್ಮಿಡ್ಡು. ವೈದ್ಯರ ಪಾಲಿಗೆ ದೊಡ್ಡ ಪೀಡೆಯಾದುದು ಹೀಗೆ ಮುಂದಿನ ತಲೆಮಾರಿನ ಪ್ರಯೋಗಶಾಲೆಗೆ ಉಪಕರಣವಾಯಿತು.

ನಮ್ಮ ಉಂಗುರದಲ್ಲಿರುವ ಆಂಪಿಸಿಲಿನ್ ಜೀನು ಟೆಮ್ ಎಂಬ ಬಳಗಕ್ಕೆ ಸೇರಿದುದು. ನಾವು ಈ ಮೂರಕ್ಷರಗಳನ್ನು ಮೊದಲು ಕಂಡಾಗ ಯಾವುದೋ ದೀರ್ಘವಾದ ರಾಸಾಯನಿಕ ನಾಮದ ಸಂಕ್ಷೇಪವಿರಬೇಕೆಂದು ಭಾವಿಸಿದ್ದೆವು. ವಾಸ್ತವವಾಗಿ ಅವು ಗ್ರೀಸಿನ ಅಥೆನ್ಸ್ ನಗರದ ರೋಗಿಯೊಬ್ಬರ ಹೆಸರಿನ ಮೊದಲ ಅಕ್ಷರಗಳು. ಆ ರೋಗಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯದ ಈ ಗುಣವನ್ನು ನವೋಮಿ ದತ್ತಾ, ಪಾಲಿಕ್ಸೆನಿ ಕೊಂಟೊಮಿಕಲೂ ಇವರು 1965ರಲ್ಲಿ ವರದಿಮಾಡಿದರು. 1977ರಲ್ಲಿ ಬೋಯರನ ಪ್ರಯೋಗಶಾಲೆಯಲ್ಲಿ ಬೊಲಿವಾರ್ ಮತ್ತು ರೊಡ್ರಿಗೆಸ್ ಎಂಬಿಬ್ಬರು ಕಟ್ಟಿದ ಪಿಬಿಆರ್ 322 ಎಂಬ ಪ್ಲಾಸ್ಮಿಡ್ಡಿನಲ್ಲಿ ಇದೇ ಬಳಗದ ಜೀನು ಸೇರಿತು. 4,361 ಅಕ್ಷರಜೋಡಿಗಳ ಆ ಪ್ಲಾಸ್ಮಿಡ್ಡಿಗೆ ಕಟ್ಟಿದವರ ಹೆಸರುಗಳ ಆದ್ಯಕ್ಷರಗಳೇ ಹೆಸರಾದುವು. ಇಂದು ಬಳಕೆಯಲ್ಲಿರುವ ಅಸಂಖ್ಯಾತ ಪ್ಲಾಸ್ಮಿಡ್ಡುಗಳು ಅದರ ಸಂತತಿ. ಕಟ್ಟಿದವರೂ, ಒಬ್ಬ ರೋಗಿಯೂ, ಹೀಗೆ ಬಿಡಿ ಅಕ್ಷರಗಳಾಗಿ ಉಳಿದುಕೊಂಡಿದ್ದಾರೆ.

ಬ್ಯಾಕ್ಟೀರಿಯದಲ್ಲೇ ಮಾನವ ಪ್ರೋಟೀನನ್ನು ಮಾಡಿಸಬಾರದೇಕೆ ಎಂದು ಇಲ್ಲಿ ಕೇಳಬಹುದು. ಮಾಡಿಸಿಯೂ ಇದ್ದಾರೆ. 1978ರಲ್ಲಿ ಬ್ಯಾಕ್ಟೀರಿಯದಿಂದ ಮಾನವ ಇನ್ಸುಲಿನ್ ದೊರೆಯಿತು, 1982ರಲ್ಲಿ ಅದು ಔಷಧವಾಗಿ ಮಾನ್ಯತೆ ಪಡೆಯಿತು. ಆದರೆ ಇನ್ಸುಲಿನ್ ಚಿಕ್ಕದು. ಎ.ಸಿ.ಇ.2ರಂಥ ಪ್ರೋಟೀನು ಕೋಶದ ಪೊರೆಯಲ್ಲಿ ನಾಟಿಕೊಂಡಿರತಕ್ಕದ್ದು. ಅದರ ಮೈಮೇಲೆ ಸಕ್ಕರೆಯ ಸರಪಳಿಗಳನ್ನು ಜೋಡಿಸಬೇಕು, ಅದನ್ನು ಸರಿಯಾಗಿ ಮಡಿಸಬೇಕು. ಈ ಕುಶಲಕರ್ಮವು ಬ್ಯಾಕ್ಟೀರಿಯಕ್ಕೆ ತಿಳಿಯದು. ಸಸ್ತನಿಯ ಕೋಶವೇ ಬೇಕು. ಸಸ್ತನಿಯ ಕೋಶವಾದರೋ ಪರಕೀಯ ಉಂಗುರದ ಮಾತನ್ನು ಸುಮ್ಮನೆ ಕೇಳುವುದಿಲ್ಲ. ಅದರಿಂದ ಕೆಲಸ ಮಾಡಿಸಿಕೊಳ್ಳುವ ವಿದ್ಯೆಯಲ್ಲಿ ಅನಾದಿಯಿಂದ ಪಳಗಿದವು ವೈರಸ್ಸುಗಳು. ವಿಜ್ಞಾನಿಗಳು ಅವುಗಳಲ್ಲೇ ಶಿಷ್ಯವೃತ್ತಿ ಮಾಡಬೇಕಾಯಿತು.

ಅವುಗಳಲ್ಲಿ ಮೊದಲನೆಯದು ಎಸ್.ವಿ.40. ಈ ವೈರಸ್ಸು ವಿಜ್ಞಾನಕ್ಕೆ ಪರಿಚಯವಾದ ಸಂದರ್ಭ ಅಷ್ಟು ಶುಭವಾದುದಲ್ಲ. ಪೋಲಿಯೋ ಲಸಿಕೆಯನ್ನು ಆಗ ಕೋತಿಗಳ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತಿದ್ದರು. ಆ ಕೋಶಗಳಲ್ಲಿ ಹಿಂದೆ ಯಾರೂ ಕಾಣದ ವೈರಸ್ಸೊಂದು ಅಡಗಿದೆಯೆಂದು 1960ರಲ್ಲಿ ಸ್ವೀಟ್ ಮತ್ತು ಹಿಲ್ಲೆಮನ್ ಪ್ರಕಟಿಸಿದರು. ಅಷ್ಟರೊಳಗೆ ಲಸಿಕೆಯೊಡನೆ ಅದು ಲಕ್ಷಾಂತರ ಮಂದಿಯ ಮೈಯನ್ನು ಸೇರಿತ್ತು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಅದು ಗೆಡ್ಡೆಗಳನ್ನುಂಟುಮಾಡಿತು. ಮನುಷ್ಯರಿಗೆ ಅದರಿಂದ ಕೇಡಾಯಿತೆಂಬುದು ಸಿದ್ಧಪಡಲಿಲ್ಲ. ಗೆಡ್ಡೆಯ ಭಯದಿಂದಲೇ ಅದನ್ನು ಕೂಲಂಕಷವಾಗಿ ಅಭ್ಯಸಿಸಿದರು, ಅಭ್ಯಸಿಸಿದ್ದರಿಂದಲೇ ಅದು ಉಪಕರಣವಾಯಿತು. 1972ರಲ್ಲಿ ಸ್ಟಾನ್‌ಫರ್ಡಿನ ಪಾಲ್ ಬರ್ಗ್ ಮತ್ತು ಸಂಗಡಿಗರು ಎಸ್.ವಿ.40ರ ಡಿ.ಎನ್.ಎ.ಗೆ ಬೇರೆಯದನ್ನು ಬೆಸೆದರು. ಆದರೆ ಅದನ್ನು ಮನುಷ್ಯನ ಕರುಳಿನಲ್ಲಿ ವಾಸಿಸುವ ಜಾತಿಯ ಬ್ಯಾಕ್ಟೀರಿಯಕ್ಕೆ ಸೇರಿಸುವ ಪ್ರಯೋಗವನ್ನು, ಸಹೋದ್ಯೋಗಿಗಳು ವ್ಯಕ್ತಪಡಿಸಿದ ಆತಂಕದಿಂದಾಗಿ, ತಾನೇ ನಿಲ್ಲಿಸಿದನು. 1974ರಲ್ಲಿ ಇಂಥ ಕೆಲವು ಪ್ರಯೋಗಗಳನ್ನು ಸ್ವಯಂಪ್ರೇರಣೆಯಿಂದ ತಡೆಹಿಡಿಯುವಂತೆ ಪ್ರಾರ್ಥಿಸಿದ ಪತ್ರ, 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಅಸಿಲೊಮಾರಿನಲ್ಲಿ ನಡೆದ ಸಭೆ, ಇವು ಅದರ ಫಲಗಳು. ಒಂದು ವಿದ್ಯೆಯ ಆಚಾರ್ಯರೇ ತಮ್ಮ ಕೈಯನ್ನು ತಾವೇ ಹಿಡಿದುಕೊಂಡ ನಿದರ್ಶನಗಳು ಚರಿತ್ರೆಯಲ್ಲಿ ಬಹಳ ಇಲ್ಲ. 1979ರಲ್ಲಿ ಮಲ್ಲಿಗನ್, ಹೊವರ್ಡ್, ಬರ್ಗ್ ಇವರು ಎಸ್.ವಿ.40ರ ಸಹಾಯದಿಂದ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಮೊಲದ ಗ್ಲೋಬಿನ್ ಪ್ರೋಟೀನನ್ನು ಮಾಡಿಸಿದರು.

ನಮ್ಮ ಉಂಗುರದಲ್ಲಿ ಎಸ್.ವಿ.40ರ ಕೆಲವು ತುಣುಕುಗಳು ಈಗಲೂ ಇವೆ. ಆದರೆ ಮಾನವ ಜೀನನ್ನು ಓದಿಸುವ ಮುಖ್ಯಾಧಿಕಾರವನ್ನು ಬೇರೊಂದು ವೈರಸ್ಸಿನಿಂದ ತಂದಿದ್ದಾರೆ. ಸೈಟೊಮೆಗಲೊ ಎಂಬ ಈ ವೈರಸ್ಸು ಮಾನವರಲ್ಲಿ ಬಹುಮಂದಿಯಲ್ಲಿ ಸದ್ದಿಲ್ಲದೆ ನೆಲಸಿರುತ್ತದೆ. ಜೀನಿನ ಮುಂದೆ ನಿಂತು ಅದನ್ನು ಎಡೆಬಿಡದೆ ಓದಿಸುವ ಭಾಗಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಈ ವೈರಸ್ಸಿನ ಪ್ರೊಮೋಟರ್ ಭಾಗದ ಅಸಾಧಾರಣ ಬಲವು 1984, 1985ರ ಪ್ರಕಟಣೆಗಳಿಂದ ತಿಳಿಯಿತು. ಜೀನಿನ ಹಿಂದುಗಡೆ, ಓದು ಇಲ್ಲಿಗೆ ಮುಗಿಯಿತೆಂದು ಸೂಚಿಸುವ ತುಣುಕು ದನದ ಬೆಳವಣಿಗೆಯ ಹಾರ್ಮೋನಿನ ಜೀನಿನಿಂದ ಬಂದುದು. ಮುಂದೆ ವೈರಸ್ಸು, ನಡುವೆ ಮನುಷ್ಯ, ಹಿಂದೆ ದನ. ಆ ಹಿಂಭಾಗದ ವಿಷಯ ಇಷ್ಟು ಸಾಕು.

ಉಂಗುರವನ್ನು ಹೊಗಿಸಬೇಕಾದ ಕೋಶದ ವಿಚಾರ ಇಷ್ಟು ಸುಲಭವಾದುದಲ್ಲ. ಈ ಕೆಲಸಕ್ಕೆ ಪ್ರಪಂಚದಲ್ಲೆಲ್ಲ ರೂಢಿಯಲ್ಲಿರುವ ಕೋಶಗಳಲ್ಲಿ 293 ಎಂಬುದು ಪ್ರಮುಖವಾದುದು. 1973ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಲೆಕ್ಸ್ ವಾನ್ ಡರ್ ಎಬ್ ಎಂಬಾತನ ಪ್ರಯೋಗಶಾಲೆಯಲ್ಲಿ ಫ್ರಾಂಕ್ ಗ್ರಹಾಮ್ ಎಂಬ ಕೆನಡದ ತರುಣ ಸಂಶೋಧಕನಿದ್ದನು. ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಹರಳುಗಳೊಡನೆ ಡಿ.ಎನ್.ಎ.ಯನ್ನು ಕೋಶದೊಳಗೆ ಹೊಗಿಸುವ ಸರಳವಾದ ವಿಧಾನವನ್ನು ಇವರಿಬ್ಬರೂ ಆ ವರ್ಷ ಪ್ರಕಟಿಸಿದರು. ಅದೇ ವಿಧಾನದಿಂದ ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೊವೈರಸ್ಸಿನ ಡಿ.ಎನ್.ಎ.ಯನ್ನು ಸೇರಿಸಿದಾಗ, ಅನೇಕ ವಿಫಲ ಯತ್ನಗಳ ತರುವಾಯ, ಕೊನೆಯಿಲ್ಲದೆ ಬೆಳೆಯುವ ಕೋಶಗಳ ಗುಂಪೊಂದು ದೊರೆಯಿತು. ಅದು ಗ್ರಹಾಮನ ಪ್ರಯೋಗಗಳ ಎಣಿಕೆಯಲ್ಲಿ 293ನೆಯದು. ಆ ಸಂಖ್ಯೆಯೇ ಹೆಸರಾಗಿ ನಿಂತಿತು. ಮುಂದೆ ಎಸ್.ವಿ.40ರ ಪ್ರೋಟೀನೊಂದನ್ನು ಅದರಲ್ಲಿ ನೆಲೆಗೊಳಿಸಿದ ಮೇಲೆ 293ಟಿ ಎನಿಸಿತು. ಎಸ್.ವಿ.40ರ ತುಣುಕುಳ್ಳ ಉಂಗುರಗಳು ಈ ಕೋಶಗಳಲ್ಲಿ ಸಮೃದ್ಧವಾಗಿ ಪ್ರತಿಗೊಳ್ಳುತ್ತವೆ.

ಪ್ರಯೋಗದ ಕ್ರಮಾಂಕ ಹೀಗೆ ಕಟ್ಟುನಿಟ್ಟಾಗಿ ದಾಖಲೆಗೊಂಡಿದೆ. ಭ್ರೂಣದ ತಾಯಿ ಯಾರು, ಆಕೆಯನ್ನು ಯಾರಾದರೂ ಏನಾದರೂ ಕೇಳಿದರೆ ಎಂಬ ಬಗ್ಗೆ ಪ್ರಕಟವಾದ ದಾಖಲೆಗಳು ಮೌನವಾಗಿವೆ. ಅದು ಆ ಕಾಲದ ಪದ್ಧತಿಯಾಗಿತ್ತೆಂದು ಸಮಾಧಾನ ಹೇಳುವವರುಂಟು. ಕಾಲದ ಪದ್ಧತಿಯನ್ನು ತಿಳಿಸುವುದು ಚರಿತ್ರಕಾರನ ಕೆಲಸವೇ ಸರಿ. ಆದರೆ ಪದ್ಧತಿಯಾಗಿತ್ತೆಂಬ ಮಾತ್ರಕ್ಕೆ ದಾಖಲೆಯಲ್ಲಿರುವ ಬರಿದಾದ ಸ್ಥಳ ತುಂಬಿದಂತಾಗುವುದಿಲ್ಲ. ಇಂಥದೇ ಇನ್ನೊಂದು ಕೋಶಸಂತತಿಯಾದ ಹೀಲಾ ಎಂಬುದು 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಮಹಿಳೆಯ ಗೆಡ್ಡೆಯಿಂದ, ಆಕೆಯ ಅನುಮತಿಯಿಲ್ಲದೆ ತೆಗೆದುದು. ಆಕೆ ಅದೇ ವರ್ಷ ತೀರಿಕೊಂಡಳು. ಆಕೆಯ ಮನೆಯವರಿಗೆ ಈ ವಿಷಯ ತಿಳಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಆದರೂ ಆಕೆಯ ಹೆಸರು ಕೊನೆಗೆ ಹೊರಬಂದಿತು. ಲೈಡನ್ನಿನ ತಾಯಿಗೆ ಒಂದು ಅಂಕೆ ಬಿಟ್ಟರೆ ಬೇರೇನೂ ಇಲ್ಲ.

ಇನ್ನು ಬಿಲ್ಲೆಯ ವಿಷಯ. ಪ್ರೋಟೀನಿಗೆ ಪರಕೀಯವಾದ ಚಿಕ್ಕ ಗುರುತನ್ನು ಕಟ್ಟಿ, ಅದನ್ನು ಬಲ್ಲ ಪ್ರತಿಕಾಯದಿಂದ ಹುಡುಕುವ ಉಪಾಯವನ್ನು ಕೇಂಬ್ರಿಜ್ಜಿನ ಮನ್ರೋ ಮತ್ತು ಪೆಲ್ಹಮ್ 1984ರಲ್ಲಿ ಪ್ರಯೋಗಿಸಿ ತೋರಿಸಿದರು. ಮುಂದಿನ ನಾಲ್ಕಾರು ವರ್ಷಗಳಲ್ಲಿ ಬಿಲ್ಲೆಗಳ ಸಂತೆಯೇ ನೆರೆಯಿತು: ಕ್ಯಾನ್ಸರಿಗೆ ಸಂಬಂಧಿಸಿದ ಪ್ರೋಟೀನೊಂದರಿಂದ ಮಿಕ್, ಇನ್‌ಫ್ಲುಯೆಂಜ ವೈರಸ್ಸಿನಿಂದ ಎಚ್.ಎ., ಬೇಕೆಂದೇ ರಚಿಸಿದ ಎಂಟು ಅಮೈನೋ ಆಮ್ಲಗಳ ಫ್ಲ್ಯಾಗ್. ಇವೆಲ್ಲಕ್ಕೂ ಆಧಾರವಾದುದು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ. ಅದನ್ನು 1975ರಲ್ಲಿ ಕೇಂಬ್ರಿಜ್ಜಿನಲ್ಲೇ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದಿದ್ದರು. ಅದಕ್ಕೆ ಪೇಟೆಂಟ್ ಆಗಲಿಲ್ಲ. ಬ್ರಿಟನ್ನಿನಲ್ಲಿ ಇದನ್ನು ದೊಡ್ಡ ನಷ್ಟವೆಂದು ಬಹುಕಾಲ ಹಳಹಳಿಸಿದರು. ಅದು ಹರಡಿದ ವೇಗವನ್ನು ನೋಡಿದರೆ, ನಷ್ಟವಾದುದು ಯಾರಿಗೆ, ಲಾಭವಾದುದು ಯಾರಿಗೆ ಎಂಬ ಲೆಕ್ಕವನ್ನು ಮತ್ತೊಮ್ಮೆ ತೆಗೆಯಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ಉಂಗುರದ ಸಿ9 ಬಿಲ್ಲೆಯು ದನದ ಕಣ್ಣಿನಿಂದ ಬಂದುದು. ಬೆಳಕನ್ನು ಗ್ರಹಿಸುವ ರೊಡಾಪ್ಸಿನ್ ಎಂಬ ಪ್ರೋಟೀನಿನ ಕಡೆಯ ಒಂಬತ್ತು ಅಮೈನೋ ಆಮ್ಲಗಳೇ ಅದು. ಅವನ್ನು ಗುರುತಿಸುವ 1ಡಿ4 ಎಂಬ ಪ್ರತಿಕಾಯವನ್ನು 1983ರಲ್ಲಿ ಕೆನಡದಲ್ಲಿ ಮೋಲ್ಡೇ ಮತ್ತು ಮೆಕೆಂಜಿ ವರದಿಮಾಡಿದರು. ಕಣ್ಣಿನ ರಚನೆಯನ್ನು ತಿಳಿಯುವುದು ಅವರ ಉದ್ದೇಶ. 1987ರಲ್ಲಿ ಒಪ್ರಿಯನ್, ಮೋಲ್ಡೇ, ಕೌಫ್‌ಮನ್ ಇವರ ಸಂಗಡ ಹರ್‌ಗೋಬಿಂದ್ ಖೊರಾನಾ ಅವರು, ಪ್ರಯೋಗಶಾಲೆಯಲ್ಲಿ ಕೃತಕವಾಗಿ ಕಟ್ಟಿದ ರೊಡಾಪ್ಸಿನ್ ಜೀನನ್ನು ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಪ್ರೋಟೀನಾಗಿಸಿ, ಪ್ರತಿಕಾಯದ ಮೂಲಕ ಶುದ್ಧಗೊಳಿಸಿದರು. ಪಂಜಾಬಿನ ಹಳ್ಳಿಯೊಂದರಲ್ಲಿ 1922ರಲ್ಲಿ ಹುಟ್ಟಿ, 1968ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದಿದ್ದ ಖೊರಾನಾ ಅವರ ಉತ್ತರವಯಸ್ಸಿನ ಸಂಶೋಧನೆ ಇದು. ರೊಡಾಪ್ಸಿನ್ನಿನ ಸ್ವಂತ ಬಾಲವು ಮುಂದೆ ಇತರ ಪ್ರೋಟೀನುಗಳಿಗೆ ಎರವಲಿನ ಬಾಲವಾಯಿತು.

ಬಿಲ್ಲೆಗಳಲ್ಲೆಲ್ಲ ಪ್ರಸಿದ್ಧವಾದುದು ತಾನೇ ಹೊಳೆಯುವ ಹಸುರು ಪ್ರೋಟೀನು. ಎ.ಸಿ.ಇ.2ಕ್ಕೂ ಅದನ್ನು ಕಟ್ಟಿದ ಉಂಗುರಗಳಿವೆ. ಆದುದರಿಂದ ಇಲ್ಲಿ ಅದರ ಪ್ರಸ್ತಾಪ ಅಪ್ರಕೃತವಲ್ಲ. ಒಸಾಮು ಶಿಮೊಮುರಾ 1960ರ ದಶಕದ ಮೊದಲಲ್ಲಿ ಪೆಸಿಫಿಕ್ ತೀರದ ಲೋಳೆಮೀನುಗಳಿಂದ ಅದನ್ನು ಬೇರ್ಪಡಿಸಿದನು. ಅದರ ಜೀನನ್ನು ಹೊರತೆಗೆದು 1992ರಲ್ಲಿ ಪ್ರಕಟಿಸಿದವನು ಅಮೆರಿಕದ ವುಡ್ಸ್ ಹೋಲಿನಲ್ಲಿದ್ದ ಡಗ್ಲಸ್ ಪ್ರಾಷರ್. ಸಂಶೋಧನೆಯ ಧನಸಹಾಯ ಮುಗಿದು, ಕ್ಷೇತ್ರವನ್ನೇ ಬಿಡಬೇಕಾಗಿ ಬಂದಾಗ ಆತನು ಆ ಜೀನನ್ನು ಕೇಳಿದವರಿಗೆ ಕೊಟ್ಟನು. ಕೇಳಿದವರಲ್ಲಿ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಇಬ್ಬರೂ ಇದ್ದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೆ ನೊಬೆಲ್ ಪಾರಿತೋಷಿಕ ದೊರೆತಾಗ ಪ್ರಾಷರನು ಅಲಬಾಮದ ಹಂಟ್ಸ್‌ವಿಲ್ಲಿನಲ್ಲಿ ಕಾರುಮಾರಾಟದ ಮಳಿಗೆಯೊಂದರ ಗಿರಾಕಿಗಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಚಾಲಕನಾಗಿದ್ದನು. ಬಹುಮಾನವು ಮೂವರಿಗಿಂತ ಹೆಚ್ಚು ಮಂದಿಗೆ ಸಲ್ಲದೆಂಬುದು ಅಲ್ಲಿಯ ನಿಯಮ. ಚಾಲ್ಫಿ ಮತ್ತು ಚಿಯೆನ್ ಆತನನ್ನು ತಮ್ಮ ಖರ್ಚಿನಲ್ಲಿ ಸ್ಟಾಕ್‌ಹೋಮಿನ ಸಮಾರಂಭಕ್ಕೆ ಕರೆಸಿಕೊಂಡರೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಕೇಳಿದವರಿಗೆ ಕೊಡುವ ಈ ಆಚಾರವನ್ನೇ ನಾವು ಮುಖ್ಯವೆಂದು ಎಣಿಸುತ್ತೇವೆ. ಪ್ಲಾಸ್ಮಿಡ್ಡನ್ನು ಕಟ್ಟಲು ತಿಂಗಳುಗಳು ಹಿಡಿಯಬಹುದು. ಪ್ರತಿಮಾಡಲು ಒಂದು ರಾತ್ರಿ ಸಾಕು. ಕೊಟ್ಟವನಲ್ಲಿ ಕಡಮೆಯಾಗದ ಇಂಥ ವಸ್ತುವನ್ನು ಮೊದಲ ದಶಕಗಳಲ್ಲಿ ಸಂಶೋಧಕರು ಕಾಗದ ಬರೆದು ಒಬ್ಬರಿಂದೊಬ್ಬರು ತರಿಸಿಕೊಳ್ಳುತ್ತಿದ್ದರು. ಪೇಟೆಂಟುಗಳು ಬೆಳೆದಂತೆ ಕರಾರುಪತ್ರಗಳೂ ಬೆಳೆದುವು. ಸೈಟೊಮೆಗಲೊ ಪ್ರೊಮೋಟರಿಗೂ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಪೇಟೆಂಟ್ ಇತ್ತು. ಕರಾರುಗಳ ತೊಡಕನ್ನು ತಗ್ಗಿಸಲು 1995ರಲ್ಲಿ ಅಮೆರಿಕದಲ್ಲಿ ಏಕರೂಪದ ಒಪ್ಪಂದವೊಂದನ್ನು ಸಿದ್ಧಪಡಿಸಿದರು. ಕಟ್ಟಿದ ವಿದ್ಯಾರ್ಥಿ ಊರು ಬಿಟ್ಟರೆ ನಳಿಕೆ ಶೀತಪೆಟ್ಟಿಗೆಯ ಯಾವ ಮೂಲೆಯಲ್ಲಿದೆಯೆಂದು ಯಾರಿಗೂ ತಿಳಿಯದಂಥ ಸ್ಥಿತಿ ಮಾತ್ರ ಉಳಿದೇ ಇತ್ತು. 2004ರಲ್ಲಿ ಮೆಲಿನಾ ಫ್ಯಾನ್ ಮತ್ತು ಇಬ್ಬರು ಸಂಗಡಿಗರು ಮ್ಯಾಸಚೂಸೆಟ್ಸಿನಲ್ಲಿ ಆಡ್‌ಜೀನ್ ಎಂಬ ಲಾಭರಹಿತ ಭಂಡಾರವನ್ನು ಸ್ಥಾಪಿಸಿದರು. ಇಂದು ಅದರಲ್ಲಿ ಲಕ್ಷಕ್ಕೂ ಮೀರಿದ ಪ್ಲಾಸ್ಮಿಡ್ಡುಗಳಿವೆ. ಹಸ್ತಪ್ರತಿ ಭಂಡಾರಗಳಲ್ಲಿ ಕೆಲಸಮಾಡಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈಗ ಎ.ಸಿ.ಇ.2ರ ಕಥೆಗೆ ಹಿಂತಿರುಗಬಹುದು. 2003ರಲ್ಲಿ ಸಾರ್ಸ್ ರೋಗವು ಏಷ್ಯದಲ್ಲಿ ಹಬ್ಬಿದಾಗ, ಅದರ ವೈರಸ್ಸು ಮನುಷ್ಯನ ಕೋಶದ ಯಾವ ಬಾಗಿಲನ್ನು ತಟ್ಟುತ್ತದೆ ಎಂಬುದು ಪ್ರಶ್ನೆಯಾಯಿತು. ಬಾಸ್ಟನ್ನಿನ ಮೈಕೇಲ್ ಫರ್ಜಾನ್ ಮತ್ತು ತಂಡದವರು ವೈರಸ್ಸಿನ ಮುಳ್ಳಿನ ಒಂದು ಭಾಗವನ್ನೇ ಗಾಳವಾಗಿ ಮಾಡಿಕೊಂಡು, ಸೋಂಕಿಗೆ ಒಳಗಾಗುವ ಕೋತಿಕೋಶಗಳಿಂದ ಎ.ಸಿ.ಇ.2ನ್ನು ಹಿಡಿದೆಳೆದರು. ಹಿಡಿದುದೇ ಬಾಗಿಲೆಂಬುದಕ್ಕೆ ಪ್ರಮಾಣ ಬೇಕಾಗಿತ್ತು. ಎ.ಸಿ.ಇ.2ರ ಪ್ಲಾಸ್ಮಿಡ್ಡನ್ನು 293ಟಿ ಕೋಶಗಳಿಗೆ ಹೊಗಿಸಿದರು. ಉಂಗುರ ಹೊಕ್ಕ ಕೋಶಗಳಲ್ಲಿ ವೈರಸ್ಸು ಬೆಳೆಯಿತು, ಹೊಗದವುಗಳಲ್ಲಿ ಬೆಳೆಯಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಇದು ಪ್ರಕಟವಾಯಿತು. ಸಾರ್ಸ್ ಅಷ್ಟರಲ್ಲಿ ಅಡಗಿತ್ತು. ಉಂಗುರಗಳು ಶೀತಪೆಟ್ಟಿಗೆಗಳಲ್ಲಿ ಉಳಿದುವು.

2020ರ ಫೆಬ್ರವರಿ 3ರಂದು, ವುಹಾನಿನ ಹೊಸ ವೈರಸ್ಸನ್ನು ಕುರಿತು ಅಲ್ಲಿಯ ಸಂಶೋಧಕರ ಲೇಖನ ಹೊರಬಂದಿತು. ಮನುಷ್ಯ, ಬಾವಲಿ, ಪುನುಗುಬೆಕ್ಕು, ಹಂದಿ, ಇಲಿ ಇವುಗಳ ಎ.ಸಿ.ಇ.2 ಪ್ಲಾಸ್ಮಿಡ್ಡುಗಳನ್ನು ಒಂದೊಂದಾಗಿ ಕೋಶಗಳಿಗೆ ಹೊಗಿಸಿ, ಇಲಿಯದನ್ನುಳಿದು ಮಿಕ್ಕೆಲ್ಲವೂ ಈ ವೈರಸ್ಸಿಗೂ ಬಾಗಿಲಾಗುತ್ತವೆಂದು ಅವರು ತೋರಿಸಿದ್ದರು. ಆ ಪ್ರೋಟೀನುಗಳಿಗೂ ಬಿಲ್ಲೆಯಿತ್ತು; ದನದ ಮೇದೋಜೀರಕ ಗ್ರಂಥಿಯ ಕಿಣ್ವದಿಂದ ಪಡೆದ, ಎಸ್ ಎಂಬ ಬಿಲ್ಲೆ. ಬಳಸಿದ ಕೋಶಗಳು ಹೀಲಾ, ಎಂದರೆ ಹೆನ್ರಿಯೆಟ್ಟಾ ಲ್ಯಾಕ್ಸಳವು. ಹೊಸ ರೋಗವು ಗುರುತಿಗೆ ಬಂದು ಒಂದೆರಡು ತಿಂಗಳಾಗುವಷ್ಟರಲ್ಲಿ ಇದು ಸಾಧ್ಯವಾದುದು, ಪ್ರಶ್ನೆಯನ್ನು ಕೇಳುವ ಸಾಧನ ಹದಿನೇಳು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದುದರಿಂದ.

ಅಲ್ಲಿಂದ ಮುಂದೆ ಮಾನವ ಎ.ಸಿ.ಇ.2ರ ಪ್ಲಾಸ್ಮಿಡ್ಡುಗಳು ಭಂಡಾರದಿಂದ ನಾನಾ ದೇಶಗಳಿಗೆ ಹೋದುವು. ಅವು ಹೋಗುವ ರೀತಿ ಬಹಳ ಸಾದಾ. ಬೆರಳುದ್ದದ ನಳಿಕೆಯಲ್ಲಿ ಅಗಾರ್ ಎಂಬ ಕಡಲಪಾಚಿಯ ಗಂಜಿ, ಅದರೊಳಗೆ ಸೂಜಿಯಿಂದ ಚುಚ್ಚಿ ಇಳಿಸಿದ ಬ್ಯಾಕ್ಟೀರಿಯ, ಅದರೊಳಗೆ ಉಂಗುರ. ತಲಪಿದ ಮೇಲೆ ಪಡೆದವರು ಕಡ್ಡಿಯೊಂದನ್ನು ಗಂಜಿಗೆ ಮುಟ್ಟಿಸಿ, ಆಂಪಿಸಿಲಿನ್ ಬೆರೆಸಿದ ತಟ್ಟೆಯ ಮೇಲೆ ಗೆರೆಯೆಳೆದು, ಬೆಚ್ಚನೆಯ ಪೆಟ್ಟಿಗೆಯಲ್ಲಿಡುತ್ತಾರೆ. ಅಥೆನ್ಸಿನ ರೋಗಿಯ ಹೆಸರಿನ ಮೂರಕ್ಷರಗಳನ್ನು ಹೊತ್ತ ಜೀನು ಇರುವೆಡೆಯಲ್ಲೆಲ್ಲ ಮರುದಿನ ಬೆಳಗ್ಗೆ ಬಿಳಿಯ ಚುಕ್ಕೆಗಳು ಎದ್ದಿರುತ್ತವೆ.